ಕೈಗೆಟುಕುವಷ್ಟು ದೂರದಲ್ಲಿ

ಹೋದ ತಿಂಗಳು ನಾದಿನಿಯ ಮಗಳಿಗೆ ಓದುವ ಮೇಜು ಕೊಳ್ಳೋಣವೆಂದು ಶಿವಾಜಿನಗರಕ್ಕೆ ಹೋಗಿದ್ದೆವು. ಮುಚ್ಚಿಹೋದ ಆಫೀಸುಗಳಿಂದ ಕುರ್ಚಿ, ಮೇಜುಗಳನ್ನು ತಂದು ರಿಪೇರಿ ಮಾಡಿ ಮಾರುವ ಅಂಗಡಿಗಳು ಅಲ್ಲಿ ಸಾಲಾಗಿವೆ. ಒಂದು ಅಂಗಡಿಗೆ ಕಾಲಿಡುತ್ತಲೇ ಹೊಸ ರೆಕ್ಸಿನ್, ಅಂಟು, ಆಗತಾನೆ ಕೊಯ್ದ ಪ್ಲೈವುಡ್ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು. ಅಂಗಡಿಯವರು ಕಪ್ಪು ಕುರ್ಚಿಯೊಂದನ್ನು ಮುಂದಕ್ಕೆ ಎಳೆದು, ಕೂತು ನೋಡಿ ಮೇಡಂ ಎಂದರು. ನಾನು ಕೂರಲಿಲ್ಲ. ಹೊರಗೆ ಬಂದು ರಸ್ತೆಯ ಪಕ್ಕದಲ್ಲಿ ನಿಂತುಬಿಟ್ಟೆ. ನಾದಿನಿ ಗಾಬರಿಯಿಂದ ಹಿಂದೆಯೇ ಬಂದಳು. ಒಳಗೆ ಸೆಕೆ ಎಂದು ಹೇಳಿದೆ.

ಸೆಕೆಯಲ್ಲ ಅದು. ಆ ವಾಸನೆಯೊಳಗೆ ನಾನು ಒಂದು ವರ್ಷ ಕೂತಿದ್ದೆ.

ಅದಕ್ಕೆ ಮೊದಲು ಕೂತು ಕೆಲಸ ಮಾಡುವುದೆಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಿಂದಲೂ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯೊಂದರಲ್ಲಿ ಸೇಲ್ಸಿನಲ್ಲಿದ್ದೆ. ಅಲ್ಲಿ ಗಿರಾಕಿಗಳು ಕೂರಬೇಕು, ನಾವು ನಿಲ್ಲಬೇಕು. ಸೀರೆ ಬಿಡಿಸಿ, ಸೆರಗನ್ನು ಹೆಗಲಿಗೆ ಹಾಕಿಕೊಂಡು ತೋರಿಸಿ, ಮತ್ತೆ ಮಡಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಗಿರಾಕಿ ಇಲ್ಲದ ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಒಂದು ಗಳಿಗೆ ಕೂತರೆ ಗಲ್ಲಾದಲ್ಲಿದ್ದ ಮಾಲೀಕರು ಕೆಮ್ಮುತ್ತಿದ್ದರು. ಪಕ್ಕದ ಕೌಂಟರಿನಲ್ಲಿ ನಸ್ರೀನ್ ಆಪಾ ಇದ್ದರು. ಶಿವಾಜಿನಗರದವರು, ನನಗಿಂತ ಹಿರಿಯರು, ಒಂದು ಸೀರೆ ಕೇಳಿ ಬಂದವರಿಗೆ ಮೂರು ಕೊಡಿಸುವ ಮಾತುಗಾರ್ತಿ. ಅವರಿಂದ ನಾನು ದಖನಿ ಉರ್ದು ಕಲಿತೆ. ತಮಿಳನ್ನು ನಮ್ಮ ಹಲಸೂರಿನ ಬೀದಿಯೇ ಕಲಿಸಿತ್ತು. ಇಂಗ್ಲಿಷು ಗಿರಾಕಿಗಳ ಜೊತೆ ತಡವರಿಸುತ್ತಾ ಬಂತು. ಕಾಲು ನೋಯುತ್ತಿದ್ದವು, ನಿಜ. ಆದರೆ ಸಂಜೆ ಅಂಗಡಿಯಿಂದ ಬಿಟ್ಟ ಮೇಲೆ ಜನರ ನಡುವೆ ನುಗ್ಗಿಕೊಂಡು, ಅಲ್ಲಿ ಇಲ್ಲಿ ನೋಡಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದು ಬರುವುದಿತ್ತಲ್ಲ, ಅದಕ್ಕೆ ಆ ನೋವು ಅಡ್ಡ ಬಂದದ್ದಿಲ್ಲ.

ಬೇಸಿಗೆಯ ಮೊದಲ ಮಳೆ ಬಂದ ಸಂಜೆ, ರಸ್ತೆ ದಾಟುವಾಗ ಆಟೋ ಒಂದು ಜಾರಿಕೊಂಡು ಬಂದು ನನಗೆ ಗುದ್ದಿತು. ಎಡಗಡೆಯ ಸೊಂಟದ ಕೀಲು, ತೊಡೆಯ ಮೂಳೆ ಎರಡೂ ಮುರಿದವು. ಎರಡು ಸಲ ಆಪರೇಷನ್ ಆಯಿತು. ಒಳಗೆ ರಾಡು ಹಾಕಿ ಮನೆಗೆ ಕಳಿಸಿದರು. ಡಾಕ್ಟರು ಹೇಳಿದ್ದು ಇಷ್ಟು: ವಾಕರ್ ಹಿಡಿದು ಮನೆಯೊಳಗೆ ಓಡಾಡಬಹುದು, ಮೆಟ್ಟಿಲು ಮಾತ್ರ ಸದ್ಯಕ್ಕೆ ಯೋಚಿಸಲೇಬಾರದು.

ನಮ್ಮ ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ. ಹಲಸೂರು ಕೆರೆಯಿಂದ ಈಚೆ, ಮೆಟ್ರೋ ಕಂಬಗಳಿಂದ ಆಚೆ, ಎದುರು ಬದುರು ಮನೆಗಳವರು ಕೈ ಚಾಚಿದರೆ ಸಕ್ಕರೆ ಬಟ್ಟಲು ಕೊಟ್ಟು ತೆಗೆದುಕೊಳ್ಳಬಹುದಾದಂಥ ಗಲ್ಲಿ. ಮೆಟ್ಟಿಲುಗಳು ಎರಡು ಗೋಡೆಗಳ ನಡುವೆ ಕಡಿದಾಗಿ ಏರುತ್ತಿದ್ದವು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಬೀದಿಯ ನಾಲ್ಕು ಜನ ಗಂಡಸರು ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಮೇಲಕ್ಕೆ ಹೊತ್ತರು. ನಾನು ನೈಟಿಯಲ್ಲಿದ್ದೆ. ತಿರುವಿನಲ್ಲಿ ಕುರ್ಚಿ ಓರೆಯಾದಾಗ ಯಾರೋ, ಹಿಂದುಗಡೆ ಭಾರ ಜಾಸ್ತಿ, ನೋಡ್ಕೊಳ್ರಪ್ಪ ಎಂದರು. ಒಳ್ಳೆಯ ಜನ, ಒಳ್ಳೆಯ ಮಾತೇ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊಲಿಗೆ ಬಿಚ್ಚಿಸಲು ಇಳಿದಾಗಲೂ ಹಾಗೆಯೇ ಹೊತ್ತರು. ಅವತ್ತು ವಾಪಸು ಬಂದು ಮಂಚದ ಮೇಲೆ ಒರಗಿದವಳು, ಇನ್ನು ಈ ಮೆಟ್ಟಿಲನ್ನು ನನ್ನ ಕಾಲಲ್ಲೇ ಇಳಿಯಬೇಕು, ಇಲ್ಲದಿದ್ದರೆ ಇಳಿಯುವುದೇ ಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ನನ್ನ ಗಂಡ ಮುರಳಿ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ, ಕೈ ಸುಮ್ಮನಿರುವುದಿಲ್ಲ. ನಮಗೆ ಮಕ್ಕಳಿಲ್ಲ. ಬೆಳಗ್ಗೆ ಅಡಿಗೆ ಮಾಡಿಟ್ಟು, ನನಗೆ ಮುಖ ತೊಳೆಸಿ, ಮೆಟ್ರೋ ಹತ್ತಿ ಹೋದರೆ ಅವರು ಬರುವುದು ಸಂಜೆಗೆ. ಕೆಳಮನೆಯಲ್ಲಿದ್ದ ಮಾಲೀಕರು ಸರೋಜಮ್ಮ ಮಂಡಿನೋವಿನವರು. ಮೇಲಕ್ಕೆ ಬರಲಾರರು. ದಿನಕ್ಕೊಮ್ಮೆ ಕೆಳಗಿನಿಂದಲೇ, ಪದ್ಮಾ, ಸಾಪ್ಟಾಯಾ ಎಂದು ಕೂಗುವರು. ಊಟ ಆಯ್ತು ಅಕ್ಕಾ ಎಂದು ನಾನು ಕೂಗುವೆ. ನಮ್ಮ ಕಿಟಕಿಗೆ ಕಾಣುತ್ತಿದ್ದದ್ದು ಎದುರು ಮನೆಯ ನೀರಿನ ಟ್ಯಾಂಕು ಮತ್ತು ಅದರ ಪಕ್ಕದಲ್ಲಿ ಒಂದು ಸೀಳು ಆಕಾಶ. ಮೆಟ್ರೋ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಬೆಳಗ್ಗೆ ಮಿಲಿಟರಿಯವರ ಬ್ಯಾಂಡು, ಆಮೇಲೆ ಗುಡಿಯ ಗಂಟೆ, ಗಾಳಿ ಈ ಕಡೆ ಬೀಸಿದರೆ ಕೆರೆಯ ಪಾಚಿಯ ನಾತ. ಬೀದಿಯೆಲ್ಲ ಕಿವಿಗೆ, ಮೂಗಿಗೆ ಬಂದು ಹೋಗುತ್ತಿತ್ತು. ಕಣ್ಣಿಗೆ ಮಾತ್ರ ಇಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ನಸ್ರೀನ್ ಆಪಾ ಒಂದು ಕೆಲಸದ ಸುದ್ದಿ ತಂದರು. ಅವರ ಸಂಬಂಧಿಕರ ಪರಿಚಯದವರು ಇಂಟರ್‌ನೆಟ್ಟಿನಲ್ಲಿ ಸೀರೆ ಮಾರುತ್ತಿದ್ದರು. ಕೊಳ್ಳುವವರ ಜೊತೆ ಮಾತಾಡಲು ಅವರಿಗೆ ನಾಲ್ಕು ಭಾಷೆ ಬಲ್ಲವರು ಬೇಕಿತ್ತು. ಮನೆಯಿಂದಲೇ ಕೆಲಸ. ಕಂಪ್ಯೂಟರು ಅವರೇ ಕಳಿಸುತ್ತಾರೆ. ಸೀರೆ ಮುಟ್ಟದೆ ಸೀರೆ ಮಾರುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಆಪಾ, ಮುಟ್ಟಿ ಮುಟ್ಟಿ ನಿನ್ನ ಬೆರಳಿಗೇ ಎಲ್ಲಾ ಗೊತ್ತಲ್ಲ, ಅದನ್ನೇ ಬಾಯಲ್ಲಿ ಹೇಳು ಎಂದರು.

ಮೊದಲ ಕೆಲವು ವಾರ ಮಂಚದ ಮೇಲೆಯೇ ಕೆಲಸ ಮಾಡಿದೆ. ದಿಂಬಿನ ಮೇಲೆ ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು, ಬೆನ್ನಿಗೆ ಗೋಡೆ. ದಿನ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು. ಬಲಗೈ ಬೆರಳುಗಳಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಮುರಿದ ಸೊಂಟವಂತೂ ನಾನಿನ್ನೂ ಇದ್ದೇನೆ ಎಂದು ಗಳಿಗೆಗೊಮ್ಮೆ ನೆನಪಿಸುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿ ಮೇಡಂ ನಾನು ಕೂತ ಭಂಗಿ ನೋಡಿ ಗದರಿದರು. ಹೀಗೆ ಕೂತರೆ ಕಾಲಿನ ಜೊತೆಗೆ ಕತ್ತೂ ಹೋಗುತ್ತದೆ ಎಂದರು. ಮೇಜು ಮೊಣಕೈ ಮಟ್ಟಕ್ಕಿರಬೇಕು, ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರಬೇಕು, ಪಾದ ಪೂರ್ತಿ ಊರಬೇಕು, ಸೊಂಟದ ಹಿಂದೆ ಒತ್ತಾಸೆ ಬೇಕು ಎಂದು ಮುರಳಿಗೆ ವಿವರಿಸಿದರು. ನಡುನಡುವೆ ಎಬ್ಬಿಸಿ ಓಡಾಡಿಸಬೇಕು ಎಂದೂ ಹೇಳಿದ್ದರು. ಆ ಮಾತು ಆವತ್ತು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ.

ಮುರಳಿಗೆ ಹಬ್ಬವೇ ಬಂದ ಹಾಗಾಯಿತು. ಆಸ್ಪತ್ರೆಯ ತಿಂಗಳುಗಳಲ್ಲಿ ಅವರು ಏನೂ ಮಾಡಲಾಗದೆ ಕಾರಿಡಾರಿನಲ್ಲಿ ಕೈ ಕಟ್ಟಿ ನಿಂತಿದ್ದವರು. ಈಗ ಕೈಗೆ ಕೆಲಸ ಸಿಕ್ಕಿತು. ಶಿವಾಜಿನಗರದಿಂದ ಹಳೆಯ ಆಫೀಸಿನ ಕುರ್ಚಿ ತಂದರು. ಅದಕ್ಕೆ ಹೊಸ ರೆಕ್ಸಿನ್ ಹೊದಿಸಿದ್ದರು. ಉರುಳುವ ಕುರ್ಚಿಯಲ್ಲಿ ನಾನು ಜಾರಿಬಿಟ್ಟೇನೆಂದು ಚಕ್ರಗಳನ್ನು ಬಿಚ್ಚಿ ಕೆಳಗೆ ರಬ್ಬರ್ ಬಿರಡೆ ಕೂರಿಸಿದರು. ಪ್ಲೈವುಡ್ ಕೊಯಿಸಿ ಮೇಜು ಮಾಡಿದರು. ನನ್ನನ್ನು ಕೂರಿಸಿ ಮೊಣಕೈ ಎತ್ತರ, ಮಂಡಿಯಿಂದ ನೆಲಕ್ಕೆ, ಕಣ್ಣಿಂದ ಗೋಡೆಗೆ ಎಂದು ಅಳೆದರು. ಅಷ್ಟು ಗಮನವಿಟ್ಟು ಅವರು ನನ್ನನ್ನು ನೋಡಿದ್ದು ಮದುವೆಯಾದ ವರ್ಷ ಇರಬೇಕು. ಮೇಜಿನ ಮುಂದಿನ ಅಂಚು ಮಣಿಕಟ್ಟಿಗೆ ಒತ್ತಬಾರದೆಂದು ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ಪಾದಕ್ಕೆ ಇಳಿಜಾರಿನ ಹಲಗೆ, ಕುತ್ತಿಗೆ ತಿರುಗಿಸದೆ ನೋಡಲು ಫೋನಿಗೊಂದು ಸ್ಟ್ಯಾಂಡು. ಮೊದಲ ದಿನ ಕೂತಾಗ ಕತ್ತಿನ ನೋವು ಯಾರೋ ಕೈಯಿಂದ ತೆಗೆದಿಟ್ಟ ಹಾಗೆ ಕಡಿಮೆಯಾಯಿತು. ಹಾಯಾಗಿದೆ ಎಂದೆ. ಅವರು ಮುಖ ಆಚೆ ತಿರುಗಿಸಿ ಮೊಳೆಗಳನ್ನು ಡಬ್ಬಿಗೆ ತುಂಬತೊಡಗಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ನೀರಿನ ಜಗ್ಗು, ಕಾಫಿಯ ಫ್ಲಾಸ್ಕು, ಮಾತ್ರೆ, ಮಧ್ಯಾಹ್ನದ ಊಟದ ಡಬ್ಬಿ, ಟವೆಲು, ಬಾಚಣಿಗೆ ಎಲ್ಲಕ್ಕೂ ಮೇಜಿನ ಸುತ್ತ ಗೋಡೆಗೆ ಹಲಗೆಗಳು ಬಂದವು. ಫ್ಯಾನಿನ ಸ್ವಿಚ್ಚು ಕೈ ಪಕ್ಕಕ್ಕೆ ಬಂತು. ಬಾಗಿಲ ಚಿಲಕಕ್ಕೆ ಕಟ್ಟಿದ ನೈಲಾನ್ ದಾರ ಗೋಡೆಯ ಉದ್ದಕ್ಕೂ ಕೊಕ್ಕೆಗಳಲ್ಲಿ ಹಾದು ನನ್ನ ಕುರ್ಚಿಯ ಹತ್ತಿರ ಕೊನೆಯಾಗುತ್ತಿತ್ತು. ಎಳೆದರೆ ಬಾಗಿಲು ತೆರೆಯುತ್ತಿತ್ತು. ನೋಡಲು ಬಂದವರೆಲ್ಲ, ಎಂಥಾ ಗಂಡ ನಿಂಗೆ ಪದ್ಮಾ ಎಂದರು. ನಾನೂ ಹೌದೆಂದೆ. ಹೌದು ಕೂಡ.

ಒಂದು ದಿನ ಬಾತ್‌ರೂಮಿನಿಂದ ಬರುವಾಗ ವಾಕರಿನ ಕಾಲು ಒದ್ದೆಯಲ್ಲಿ ಜಾರಿ ನಾನು ಬಿದ್ದೆ. ಮೂಳೆಗೇನೂ ಆಗಲಿಲ್ಲ. ಆದರೆ ಏಳಲು ಆಗಲಿಲ್ಲ. ಫೋನು ಮೇಜಿನ ಮೇಲಿತ್ತು. ಕೂಗಿದರೆ ಸರೋಜಮ್ಮನ ಟಿ.ವಿ. ಸದ್ದಿಗೆ ನನ್ನ ದನಿ ಮುಟ್ಟಲಿಲ್ಲ. ಸಂಜೆ ಮುರಳಿ ಬರುವವರೆಗೂ ತಣ್ಣನೆಯ ನೆಲದ ಮೇಲೆಯೇ ಬಿದ್ದಿದ್ದೆ. ಅವರು ಬಾಗಿಲು ತೆಗೆದು ನನ್ನನ್ನು ನೋಡಿದಾಗ ಅವರ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಆ ವಾರವೇ ಮೇಜಿನ ಮೇಲ್ಗಡೆ, ಗೋಡೆಯ ಮೂಲೆಯಲ್ಲಿ, ಅಂಗೈಯಷ್ಟು ದೊಡ್ಡ ಬಿಳಿ ಕ್ಯಾಮೆರಾ ಬಂದು ಕೂತಿತು. ಕಾರ್ಖಾನೆಯಲ್ಲಿ ಬಿಡುವಾದಾಗ ಅವರು ಫೋನಿನಲ್ಲಿ ನನ್ನನ್ನು ನೋಡಬಹುದಿತ್ತು, ಮಾತೂ ಆಡಬಹುದಿತ್ತು. ನಾನೇ ಒಪ್ಪಿದ್ದೆ. ಬಿದ್ದವಳು ನಾನು, ಬೇಡ ಎನ್ನಲು ಬಾಯಿ ಎಲ್ಲಿ.

ಆ ಮಳೆಗಾಲ ಹೀಗೆ ಕಳೆಯಿತು: ಬೆಳಗ್ಗೆ ಮುರಳಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿನ ದಿಂಬು ಸರಿಪಡಿಸಿ ಹೊರಡುವರು. ನಾನು ಹೆಡ್‌ಫೋನು ಹಾಕಿಕೊಂಡು ಸೀರೆಗಳ ಬಗ್ಗೆ ಮಾತಾಡುವೆ. ಈ ಕಾಟನ್ನು ತೊಳೆದಷ್ಟೂ ಮೆತ್ತಗಾಗುತ್ತೆ ಮೇಡಂ. ಆ ಬಣ್ಣ ಫೋಟೋದಲ್ಲಿ ಹೀಗೆ ಕಾಣುತ್ತೆ, ಬಿಸಿಲಿನಲ್ಲಿ ಬೇರೆ ಥರ. ಬಿಸಿಲನ್ನು ನೋಡಿ ನನಗೇ ಎಷ್ಟು ದಿನವಾಯಿತೋ. ಕಂಪ್ಯೂಟರಿನ ಮೂಲೆಯಲ್ಲೊಂದು ಹಸಿರು ಚುಕ್ಕೆ ಇತ್ತು. ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ ಅದು ಹಳದಿಗೆ ತಿರುಗುತ್ತಿತ್ತು. ಕೂಡಲೇ ಟೀಮ್ ಲೀಡರ್ ಹುಡುಗಿ ಮೆಸೇಜು ಹಾಕುವಳು, ಪದ್ಮಾ ಅವರೇ, ಇದ್ದೀರಾ ಎಂದು. ಇದ್ದೇನೆ ಎಂದು ಟೈಪು ಮಾಡುವೆ. ಎಲ್ಲಿಗೆ ಹೋಗಲಿ?

ಏಳಬೇಕಾದ ಕಾರಣಗಳೇ ಇರಲಿಲ್ಲ. ನೀರು ಅಲ್ಲೇ, ಊಟ ಅಲ್ಲೇ, ಬಾಗಿಲು ಅಲ್ಲೇ. ಬಾತ್‌ರೂಮಿಗೆ ಹೋಗುವುದನ್ನು ತಪ್ಪಿಸಲು ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಕುರ್ಚಿ ಎಷ್ಟು ಸರಿಯಾಗಿ ನನ್ನ ಮೈಗೆ ಹೊಂದಿಕೊಂಡಿತ್ತೆಂದರೆ ಎದ್ದಾಗಲೇ ನನಗೆ ನನ್ನ ಮೈ ಹೊರೆ ಅನ್ನಿಸುತ್ತಿತ್ತು.

ಗಣೇಶನ ಹಬ್ಬದ ದಿನಗಳು. ಕೆರೆಗೆ ಗಣೇಶನನ್ನು ಬಿಡಲು ಊರಿನ ನಾಲ್ಕೂ ಕಡೆಯಿಂದ ಮೆರವಣಿಗೆಗಳು ಬರುತ್ತವೆ. ಒಂದು ಮಧ್ಯಾಹ್ನ ನಮ್ಮ ಗಲ್ಲಿಯ ಬಾಯಲ್ಲೇ ತಮಟೆ ಶುರುವಾಯಿತು. ಕಿಟಕಿಯ ಸರಳಿಗೆ ಮುಖ ಒತ್ತಿ ಬಲಕ್ಕೆ ಬಗ್ಗಿದರೆ ಗಲ್ಲಿಯ ಕೊನೆ ಒಂದಿಷ್ಟು ಕಾಣುತ್ತಿತ್ತು. ಚುಕ್ಕೆ ಹಳದಿಯಾದರೆ ಆಗಲಿ ಎಂದು ನಾನು ಮೇಜು ಹಿಡಿದು ಎದ್ದೆ. ವಾಕರ್ ಹಿಡಿದು ಎರಡು ಹೆಜ್ಜೆ ಹಾಕಿರಬೇಕು.

"ಪದ್ಮಾ, ಯಾಕೆ ಎದ್ದೆ? ಕೂತ್ಕೋ" ಎಂದಿತು ಗೋಡೆ.

ಮುರಳಿಯ ದನಿಯೇ. ಹಿಂದೆ ಯಂತ್ರಗಳ ಸದ್ದಿತ್ತು. ಬೈಯುವ ದನಿಯಲ್ಲ, ಮಗುವಿಗೆ ಹೇಳುವ ದನಿ. ನಾನು ತಿರುಗಿ ಬಂದು ಕೂತೆ. ತಮಟೆ ಗಲ್ಲಿ ದಾಟಿ ಕೆರೆಯ ಕಡೆ ಹೋಯಿತು. ಹೆಡ್‌ಫೋನಿನಲ್ಲಿ ಯಾರೋ, ಇದರಲ್ಲಿ ಮಾವಿನಕಾಯಿ ಬಾರ್ಡರು ಬರುತ್ತಾ ಎಂದು ಕೇಳುತ್ತಿದ್ದರು. ಬರುತ್ತೆ ಮೇಡಂ ಎಂದೆ. ನನ್ನ ದನಿ ಅವರಿಗೆ ಮುಟ್ಟಲಿಲ್ಲ. ಆಕೆ, ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟರು.

ಆ ವಾರ ಬಂದ ಫಿಸಿಯೋ ಮೇಡಂ ನನ್ನ ಎರಡೂ ತೊಡೆಗಳನ್ನು ಟೇಪಿನಿಂದ ಅಳೆದರು. ಎಡಗಡೆಯದು ಮೊದಲಿಗಿಂತ ಸಣ್ಣಗಾಗಿತ್ತು. ಮೇಜು, ಕುರ್ಚಿ ಎಲ್ಲ ನೋಡಿ, ಬಹಳ ಚೆನ್ನಾಗಿ ಮಾಡಿದ್ದಾರೆ, ಆದರೆ ನೀವು ಏಳ್ತಾನೇ ಇಲ್ಲ ಅಂತ ಕಾಣುತ್ತೆ ಎಂದರು. ಕಾಲು ಬಳಸದೆ ಹೋದರೆ ಮೂಳೆ ಕೂಡಿಕೊಂಡರೂ ನಡಿಗೆ ಬರುವುದಿಲ್ಲ, ಹೀಗೆಯೇ ಇನ್ನೊಂದಷ್ಟು ತಿಂಗಳು ಕಳೆದರೆ ಆಮೇಲೆ ನನ್ನಿಂದಲೂ ಏನೂ ಆಗಲ್ಲ ಎಂದರು. ಅದನ್ನವರು ನನಗೆ ಹೇಳಿದ್ದು. ಮುರಳಿ ಕೆಲಸದಲ್ಲಿದ್ದರು.

ಆ ಸಂಜೆ ನಾನು ಮುರಳಿಗೆ, ನೀರಿನ ಜಗ್ಗನ್ನು ಅಡಿಗೆಮನೆಗೆ ಇಡಿ ಎಂದೆ. ಯಾಕೆಂದು ಕೇಳಿದರು. ಬೇಕಾದಾಗ ಎದ್ದು ಹೋಗಿ ಕುಡಿಯುತ್ತೇನೆ ಎಂದೆ. ಊಟದ ಡಬ್ಬಿಯೂ ಅಲ್ಲೇ ಇರಲಿ, ಬಾಗಿಲ ದಾರ ಬಿಚ್ಚಿಬಿಡಿ, ಯಾರಾದರೂ ಬಂದರೆ ಹೋಗಿ ತೆಗೆಯುತ್ತೇನೆ. ಅವರು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು.

"ಎಲ್ಲಾ ಕೈಗೆ ಸಿಗೋ ಹಾಗೆ ಮಾಡಿಟ್ಟಿದ್ದೀನಿ. ಇನ್ನೇನು ಕಮ್ಮಿಯಾಗಿದೆ ನಿಂಗೆ?"

"ಏನೂ ಕಮ್ಮಿ ಇಲ್ಲ ರೀ. ಅದಕ್ಕೇ ನಾನು ಏಳ್ತಿಲ್ಲ."

"ಎದ್ದು ಬಿದ್ರೆ?"

ಬಿದ್ದರೆ ಬೀಳುತ್ತೇನೆ ಎಂದೆ. ಅನ್ನಬಾರದಿತ್ತೇನೋ. ಅವರು ಕೈ ಒರೆಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಮಾರನೆಯ ಬೆಳಗ್ಗೆ ನೋಡಿದರೆ ಜಗ್ಗು ಮೇಜಿನ ಮೇಲೆಯೇ ಇತ್ತು, ಕಂಠದವರೆಗೆ ತುಂಬಿಸಿ. ಜಗಳವಾಡಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ಕಟ್ಟಿಹಾಕಿದವರ ಜೊತೆ ಯಾವ ಮಾತಿನಲ್ಲಿ ಜಗಳ ತೆಗೆಯುವುದು?

ನಸ್ರೀನ್ ಆಪಾಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿ ದೀಪಾವಳಿಯ ಗಲಾಟೆ ಮುಗಿಯಲಿ, ಒಂದು ದಿನ ರಜೆ ಹಾಕಿ ಬರುತ್ತೇನೆ, ಅಲ್ಲಿಯವರೆಗೆ ಮೇಡಂ ಹೇಳಿಕೊಟ್ಟ ಕಸರತ್ತು ತಪ್ಪಿಸಬೇಡ ಎಂದರು. ಮಂಚದ ಮೇಲೆ, ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ, ಬೆಳಗಿನ ಲಾಗಿನ್‌ಗೆ ಮೊದಲು ಕಾಲು ಎತ್ತುವುದು, ಮಡಿಸುವುದು ಶುರು ಮಾಡಿದೆ. ಮುರಳಿ ಹಾಲು ತರಲು ಹೋದಾಗ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ. ನಿಂತರೆ ತೊಡೆ ನಡುಗುತ್ತಿತ್ತು. ಆ ನಡುಕ ನಿಲ್ಲುವವರೆಗೆ ನಿಲ್ಲಬೇಕೆಂದು ನನಗೆ ನಾನೇ ಹಟ ಹಾಕಿಕೊಂಡೆ. ಕೆಲಸದ ನಡುವೆ ಒಂದೊಂದು ಸಲ ಕುರ್ಚಿಯಲ್ಲಿ ಕೂತೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಗೋಡೆಗೆ ಅದು ಕಾಣುತ್ತಿರಲಿಲ್ಲ.

ಹಬ್ಬ ಮುಗಿದು ಜಿಟಿಜಿಟಿ ಮಳೆಯ ದಿನಗಳೂ ಕಳೆದು ಬಿಸಿಲು ಬಂದ ಒಂದು ದಿನ ಆಪಾ ಬಂದರು. ಬಿರಿಯಾನಿಯ ಡಬ್ಬಿಯನ್ನು ಅಡಿಗೆಮನೆಯಲ್ಲಿಟ್ಟು, ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಹಲಗೆ, ದಾರ, ಜಗ್ಗು, ಕ್ಯಾಮೆರಾ.

"ನಮ್ ಅಂಗಡಿ ಮಾಲೀಕರು ಕೆಮ್ತಿದ್ರು. ಇದು ಕೆಮ್ಮೋದೂ ಇಲ್ಲ" ಎಂದರು, ಕ್ಯಾಮೆರಾದ ಕಡೆ ನೋಡಿ. ಆಮೇಲೆ ದನಿ ತಗ್ಗಿಸಿ, "ಕೆಳಗೆ ಹೋಗ್ಬೇಕಾ?" ಎಂದು ಕೇಳಿದರು.

ಮೆಟ್ಟಿಲಲ್ಲಿ ನಿಂತು ಇಳಿಯುವಷ್ಟು ಶಕ್ತಿ ನನಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೂತು ಇಳಿಯೋಣ, ಮಕ್ಕಳು ಇಳಿಯುವ ಹಾಗೆ, ನಾನು ನಿನ್ನ ಮುಂದೆ ಇರುತ್ತೇನೆ ಎಂದರು. ನಾನು ಟವೆಲು ಎಸೆದು ಕ್ಯಾಮೆರಾ ಮುಚ್ಚಿದೆ. ಟೀಮ್ ಲೀಡರಿಗೆ ಹೇಳದೆಯೇ ಲಾಗ್‌ಔಟ್ ಮಾಡಿದೆ. ಫೋನು ಮೇಜಿನ ಮೇಲೆಯೇ ಉಳಿಯಿತು. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ.

ಮೊದಲ ಮೆಟ್ಟಿಲ ಮೇಲೆ ಕೂರುವುದೇ ಕಷ್ಟವಾಯಿತು. ಆಪಾ ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ಅಂಗೈಗಳನ್ನು ಊರಿ, ಬಲಗಾಲು ಕೆಳಗಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಮೈಯನ್ನು ಒಂದು ಮೆಟ್ಟಿಲು ಕೆಳಗೆ ಜಾರಿಸುವುದು. ಮತ್ತೆ ಅದೇ. ಸಿಮೆಂಟು ತಣ್ಣಗಿತ್ತು. ಅಂಗೈಗೆ ಮರಳು ಚುಚ್ಚುತ್ತಿತ್ತು. ತಿರುವಿನಲ್ಲಿ ಆಯಾಸದಿಂದ ಗೋಡೆಗೆ ಒರಗಿದಾಗ ಆಪಾ ಕೆಳಗಿನ ಮೆಟ್ಟಿಲಲ್ಲಿ ಅಡ್ಡ ಕೂತು, ಬುರ್ಖಾದ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ ಅಂಗಡಿಯ ಸುದ್ದಿ ಹೇಳಿದರು. ಸೊಂಟ ಉರಿಯುತ್ತಿತ್ತು. ವಾಪಸು ಹೋಗೋಣವೇ ಎಂದು ಅವರು ಕೇಳಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಕೆಳಗೆ ಮುಟ್ಟಿದಾಗ ಸರೋಜಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಅವರ ಕೈ ನಿಂತಿತು. ಪಕ್ಕಕ್ಕೆ ಸರಿದು ಹೊಸಿಲ ಮೇಲೆ ಜಾಗ ಕೊಟ್ಟರು. ಗಲ್ಲಿಯೊಳಕ್ಕೆ ಆ ಹೊತ್ತಿನಲ್ಲಿ ಮಾತ್ರ ಬರುವ ಓರೆ ಬಿಸಿಲು ನನ್ನ ಪಾದಗಳ ಮೇಲೆ ಬಿತ್ತು. ಕಾಲುಗಳು ಬೆಳ್ಳಗೆ, ಬೇರೆ ಯಾರದೋ ಕಾಲಿನ ಹಾಗೆ ಕಂಡವು. ಇಸ್ತ್ರಿ ಗಾಡಿಯವನು, ಶಾಲೆ ಬಿಟ್ಟ ಮಕ್ಕಳು, ತಳ್ಳುಗಾಡಿಯಲ್ಲಿ ಸೀಬೆಹಣ್ಣು, ಒಂದು ನಾಯಿ. ಎಲ್ಲ ಪೂರ್ತಿ ಪೂರ್ತಿಯಾಗಿ, ತಲೆಯಿಂದ ಕಾಲವರೆಗೆ ಕಾಣುತ್ತಿತ್ತು. ನಾನು ಅಳಲಿಲ್ಲ. ಅಳುತ್ತೇನೆಂದು ಆಪಾ ಕರ್ಚೀಫು ಹಿಡಿದು ಕಾದಿದ್ದರು.

ಸರೋಜಮ್ಮ ಕೊಟ್ಟ ಕಾಫಿ ಇನ್ನೂ ಲೋಟದಲ್ಲಿತ್ತು, ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಮುರಳಿ ಓಡಿ ಬರುವುದು ಕಂಡಿತು. ಕಾರ್ಖಾನೆಯ ಬಟ್ಟೆಯಲ್ಲೇ ಇದ್ದರು. ನನ್ನನ್ನು ನೋಡಿ ಓಡುವುದನ್ನು ನಿಲ್ಲಿಸಿದರು. ಹತ್ತಿರ ಬಂದವರು ನನ್ನನ್ನು ದಾಟಿ ಹೋಗಿ ಮೆಟ್ಟಿಲ ಪಕ್ಕದ ಗೋಡೆಗೆ ಹಣೆ ಒತ್ತಿ ನಿಂತರು. ಬೆನ್ನು ಏರಿಳಿಯುತ್ತಿತ್ತು. ಆಪಾ ಎದ್ದು ದೂರ ಸರಿದು, ಸೀಬೆಹಣ್ಣಿನವನ ಹತ್ತಿರ ಹೋಗಿ ನಿಂತರು.

"ಯಾಕೆ ಮುಚ್ಚಿದೆ ಅದನ್ನ?" ಎಂದರು ಮುರಳಿ, ಗೋಡೆಯ ಕಡೆಯೇ ನೋಡುತ್ತಾ.

"ಕೂತ್ಕೋ ಅಂತೀರ ಅಂತ."

"ಸ್ಕ್ರೀನು ಕಪ್ಪಗಾಯ್ತು ಪದ್ಮಾ. ಫೋನ್ ಎತ್ತಲಿಲ್ಲ ನೀನು. ಟ್ರೈನಲ್ಲಿ ನಿಂತ್ಕೊಂಡು, ಮೊದ್ಲು ಯಾರ್ಯಾರಿಗೆ ಹೇಳ್ಬೇಕು ಅಂತ ಯೋಚ್ನೆ ಮಾಡ್ತಿದ್ದೆ ನಾನು."

ನಾನು ಸರಿದು ಕೂತೆ. ಅವರು ಬಂದು ಹೊಸಿಲ ಮೇಲೆ ನನ್ನ ಪಕ್ಕದಲ್ಲಿ ಕೂತರು. ಲೋಟದಲ್ಲಿ ಉಳಿದ ಕಾಫಿಯನ್ನು ಕೊಟ್ಟೆ, ಕುಡಿದರು. ಆಗ ಫಿಸಿಯೋ ಮೇಡಂ ಹೇಳಿದ್ದನ್ನು ಪೂರ್ತಿ ಹೇಳಿದೆ. ಕಾಲು ಸಣ್ಣಗಾದದ್ದು, ಹೀಗೆಯೇ ಕೂತರೆ ನಡಿಗೆಯೇ ಬರುವುದಿಲ್ಲವೆಂಬುದು. ಯಾಕೆ ಮೊದಲೇ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ನೀನು ಬಿದ್ದಿದ್ದು ಕಣ್ಣಿಂದ ಹೋಗ್ತಿಲ್ಲ ಎಂದರು, ಅಷ್ಟೇ.

ಬಿಸಿಲು ಸರಿಯಿತು. ಹತ್ತಬೇಕಾದ ಹೊತ್ತು ಬಂತು. ವಿಷಯ ಗೊತ್ತಾಗಿ ಬೀದಿಯ ಇಬ್ಬರು ಗಂಡಸರು ಪ್ಲಾಸ್ಟಿಕ್ ಕುರ್ಚಿ ತಂದು ನಿಂತಿದ್ದರು. ಒಬ್ಬರು ಆಗಲೇ ತೋಳು ಮಡಿಸಿಕೊಳ್ಳುತ್ತಿದ್ದರು. ನಾನು ಮುರಳಿಯ ಮುಖ ನೋಡಿದೆ. ಅವರು ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಬೇಡ" ಎಂದರು. "ಅವಳೇ ಬರ್ತಾಳೆ."

ಇಳಿದದ್ದಕ್ಕಿಂತ ಹತ್ತಿದ್ದು ಕಷ್ಟ. ಹಿಮ್ಮುಖವಾಗಿ ಕೂತು, ಕೈ ಊರಿ, ಮೈಯನ್ನು ಮೇಲಿನ ಮೆಟ್ಟಿಲಿಗೆ ಎತ್ತಬೇಕು. ಮುರಳಿ ನನ್ನ ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ನಾನು ಒಂದು ಏರಿದರೆ ಅವರು ಒಂದು ಏರುವರು. ಕೈ ಕೊಡಲು ಎರಡು ಸಲ ಮುಂದೆ ಬಂದವರು ತಾವೇ ಕೈ ಹಿಂದಕ್ಕೆಳೆದುಕೊಂಡರು. ಕೆಳಗೆ ಆಪಾ ಇದ್ದರು. ಮೇಲೆ ಮುಟ್ಟಿದ ಮೇಲೆ ನಾನು ಬಾಗಿಲ ಹತ್ತಿರ ನೆಲದಲ್ಲೇ ಮಲಗಿಬಿಟ್ಟೆ. ಒಳಗೆ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಹೇಳದೆ ಹೋದದ್ದಕ್ಕೆ ಟೀಮ್ ಲೀಡರ್ ಹುಡುಗಿ ಮಾರನೆಯ ದಿನ ಮೆಲ್ಲಗೆ ಬೈದಳು. ಕೆಲಸವೇನೂ ಹೋಗಲಿಲ್ಲ. ಇನ್ನೂ ಬಹಳ ತಿಂಗಳು ಅದೇ ಕುರ್ಚಿಯಲ್ಲಿ ಕೂತು ಅದೇ ಹಸಿರು ಚುಕ್ಕೆಯನ್ನು ಕಾಯ್ದೆ. ಒಂದು ದಿನ ಕೆಳಗೆ ಹೋಗಿ ಬಂದವಳಿಗೆ ಬಾಗಿಲುಗಳೆಲ್ಲ ತೆರೆದುಬಿಡುತ್ತವೆ ಎಂದೇನಿಲ್ಲ. ಆ ದಿನದ ಆಯಾಸಕ್ಕೆ ವಾರವಿಡೀ ಸೊಂಟ ಹಿಡಿದುಕೊಂಡಿತ್ತು. ಎಷ್ಟೋ ಮಧ್ಯಾಹ್ನ ಗೋಡೆ, ಟ್ಯಾಂಕು, ಆ ಸೀಳು ಆಕಾಶ ನೋಡುತ್ತಾ ಇದೇ ನನ್ನ ಬಾಳೇನೋ ಅನ್ನಿಸಿದ್ದುಂಟು. ಕ್ಯಾಮೆರಾವೂ ಅಲ್ಲೇ ಇತ್ತು. ನಾನು ತೆಗೆಯಿರಿ ಎನ್ನಲಿಲ್ಲ, ಅವರು ತೆಗೆಯಲೂ ಇಲ್ಲ. ಆದರೆ ಆಮೇಲೆ ಗೋಡೆ ಮಾತಾಡಲಿಲ್ಲ. ನೀರಿನ ಜಗ್ಗು ಅಡಿಗೆಮನೆಗೆ ಹೋಯಿತು, ಎದ್ದು ಹೋಗಿ ಬಂದು ನನ್ನ ತೊಡೆಗೆ ಸ್ವಲ್ಪ ಸ್ವಲ್ಪವೇ ಬಲ ಬರತೊಡಗಿತು. ಬಾಗಿಲ ದಾರವನ್ನು ಒಂದು ಭಾನುವಾರ ಮುರಳಿ ತಾವಾಗಿಯೇ ಬಿಚ್ಚಿ ಸುತ್ತಿಟ್ಟರು.

ಅದರ ಮುಂದಿನ ರಜೆಯಲ್ಲಿ ಅವರು ಉದ್ದುದ್ದದ ಕಬ್ಬಿಣದ ಕೊಳವೆಗಳನ್ನು ಹೊರಿಸಿಕೊಂಡು ಬಂದರು. ಗೋಡೆಗೆ ತೂತು ಕೊರೆಯುವುದೆಂದರೆ ಸರೋಜಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ ತಮ್ಮ ಮಂಡಿಯನ್ನು ನೆನಪಿಸಿಕೊಂಡು, ಸರಿ, ಗಟ್ಟಿಯಾಗಿ ಹಾಕಪ್ಪಾ, ನಾನೂ ಒಂದು ದಿನ ಮಹಡಿ ನೋಡುತ್ತೇನೆ ಎಂದರು. ಬೆಳಗ್ಗೆಯಿಂದ ಸಂಜೆಯವರೆಗೆ ಮೆಟ್ಟಿಲ ಗೂಡಿನಲ್ಲಿ ಡ್ರಿಲ್ಲಿನ ಸದ್ದು. ಮೇಲಿನ ಬಾಗಿಲಿನಿಂದ ಕೆಳಗಿನ ಹೊಸಿಲವರೆಗೆ, ತಿರುವಿನಲ್ಲೂ ಎಲ್ಲೂ ಕಡಿಯದೆ, ಗೋಡೆಗುಂಟ ಒಂದೇ ಕಂಬಿ ಬಂತು. ಬೆಸುಗೆಯ ಗಂಟುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದರು.

ಮಾರನೆಯ ದಿನ ಅವರು ಬೇಗ ಎದ್ದು ಕಂಬಿಗೆ ನೀಲಿ ಬಣ್ಣ ಬಳಿದರು. ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನೂ ಹಸಿ ಇದೆ, ಸಂಜೆವರೆಗೂ ಮುಟ್ಬೇಡ ಎಂದರು. ಆಯ್ತು ಎಂದೆ.

ಸಂಜೆಯವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಊಟದ ಬಿಡುವಿನಲ್ಲಿ ವಾಕರನ್ನು ಬಾಗಿಲ ಬಳಿ ಬಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಓರೆಯಾಗಿ ನಿಂತು ಒಂದು ಮೆಟ್ಟಿಲು ಇಳಿದೆ. ನಿಂತುಕೊಂಡೇ. ಆಮೇಲೆ ಇನ್ನೊಂದು. ತಿರುವಿನವರೆಗೆ ಹೋಗಿ, ಸ್ವಲ್ಪ ನಿಂತು, ವಾಪಸು ಹತ್ತಿ ಬಂದೆ. ಅಂಗೈಗಳೆರಡೂ ನೀಲಿಯಾಗಿದ್ದವು. ಮೇಜಿಗೆ ಬಣ್ಣ ಹತ್ತದಂತೆ ಮೊಣಕೈ ಊರಿಕೊಂಡು ಮಧ್ಯಾಹ್ನದ ಕರೆಗಳಿಗೆಲ್ಲ ಉತ್ತರ ಕೊಟ್ಟೆ.

ಸಂಜೆ ಮುರಳಿಯ ಹೆಜ್ಜೆಗಳು ಮೆಟ್ಟಿಲ ತಿರುವಿನಲ್ಲಿ ನಿಂತದ್ದು ನನಗೆ ಕೇಳಿಸಿತು. ಬಹಳ ಹೊತ್ತು ಅಲ್ಲೇ ಇದ್ದರು. ಅಲ್ಲಿಂದ ಮೇಲಕ್ಕೆ ಕಂಬಿಯ ತುಂಬ ನನ್ನ ಬೆರಳುಗಳ ಗುರುತು ಇತ್ತು. ಒಳಗೆ ಬಂದವರು ಉಳಿದ ಬಣ್ಣದ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಬಡಿದು ಕೂರಿಸಿ ಅಟ್ಟದ ಮೇಲಿಟ್ಟರು. ನಾವು ಆ ಮನೆ ಬಿಡುವವರೆಗೂ ಅದನ್ನು ಮತ್ತೆ ಕೆಳಗೆ ತೆಗೆಯಲಿಲ್ಲ.